ಬಕೆಟ್ಟಿನಲ್ಲಿ ಮುಳುಗಿಸಿ ತಂದ ಕ್ಯಾಮೆರಾ

ಆಗ ನನಗೆ ಅರವತ್ತೊಂದು ವರ್ಷ. ಈಗ ಎಪ್ಪತ್ತು, ಅಂದರೆ ಒಂಬತ್ತು ವರ್ಷದ ಹಿಂದಿನ ಮಾತು. ಇವತ್ತು ಬೆಳಿಗ್ಗೆ ಕುಕ್ಕರು ಸೀಟಿ ಹೊಡೆಯದೆ ಪಕ್ಕದಿಂದ ಬುಸ್ ಬುಸ್ ಅನ್ನುತ್ತಿತ್ತು. ಇಳಿಸಿ ಮುಚ್ಚಳ ತೆಗೆದು ನೋಡಿದರೆ ರಬ್ಬರಿನ ಕೆಳಗೆ ಒಂದು ಅಕ್ಕಿಕಾಳು ಕೂತಿತ್ತು. ಒಂದೇ ಒಂದು ಕಾಳು. ಅದನ್ನು ಉಗುರಿನಿಂದ ಎಬ್ಬಿಸಿ, ರಬ್ಬರನ್ನು ಸೆರಗಿನಿಂದ ಒರೆಸಿ ಮತ್ತೆ ಕೂರಿಸುವಾಗ ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬೇಳೆ ಬೇಯುವ ತನಕ ಒಲೆಯ ಮುಂದೆ ಕೂತು ನೀಲಾಳ ಕ್ಯಾಮೆರಾದ ವಿಚಾರವನ್ನೇ ಮಾಡಿದೆ. ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ.

ನೀಲಾ ನನ್ನ ಮಗಳು. ನಾವು ಗದಗಿನ ಕಡೆಯವರು. ಗಂಡ ರಸ್ತೆ ಕೆಲಸಕ್ಕೆ ಅಂತ ಗೋವಾಕ್ಕೆ ಬಂದ, ಅವನ ಹಿಂದೆ ನಾನು ಬಂದೆ, ಅವನು ಸತ್ತ ಮೇಲೂ ಇಲ್ಲೇ ಉಳಿದೆ. ಸಮುದ್ರದ ದಂಡೆಯಲ್ಲಿ ಕಾಲ್ಚೈನು, ಕವಡೆ ಸರ ಮಾರುತ್ತಿದ್ದೆ. ಆ ಉಸುಕಿನಲ್ಲಿ ತಿರುಗಿ ತಿರುಗಿ ಮುದುಕಿಯಾದೆನೇ ಹೊರತು ಮೊಣಕಾಲಿಗಿಂತ ಮೇಲೆ ನೀರು ಹತ್ತಿಸಿಕೊಂಡವಳಲ್ಲ. ಜನ ಅಷ್ಟು ದೂರದಿಂದ ಬಂದು, ಬಟ್ಟೆ ಬಿಚ್ಚಿ ಉಪ್ಪು ನೀರಿನಲ್ಲಿ ಬೀಳುತ್ತಾರಲ್ಲ, ಇವರಿಗೆ ಮನೆಯಲ್ಲಿ ಬಚ್ಚಲಿಲ್ಲವೇ ಅಂದುಕೊಳ್ಳುತ್ತಿದ್ದೆ.

ನೀಲಾ ಹಾಗಲ್ಲ. ಅವಳು ಒಬ್ಬ ದೋಣಿ ಮಾಲೀಕನ ಹತ್ತಿರ ಕೆಲಸಕ್ಕಿದ್ದಳು. ಮಾಲೀಕನನ್ನು ಇಲ್ಲಿಯವರು ಪಾತ್ರಾಂವ್ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಅವನು ಪ್ರವಾಸಿಗಳನ್ನು ದೋಣಿಯಲ್ಲಿ ದ್ವೀಪದ ಹತ್ತಿರ ಒಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಬಾಯಿಗೆ ನಳಿಗೆ ಕಚ್ಚಿಸಿ, ಕೈ ಹಿಡಿದು ಸಮುದ್ರದ ತಳಕ್ಕೆ ಇಳಿಸುತ್ತಿದ್ದ. ಡೈವಿಂಗ್ ಅನ್ನುತ್ತಾರೆ. ಹಾಕಿ ಬಿಚ್ಚಿದ ರಬ್ಬರಿನ ಅಂಗಿಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಹಾಕುವುದು ನೀಲಾಳ ಕೆಲಸ. ಜನ ಹೆದರಿಕೆಗೆ ಅದರೊಳಗೇ ಏನೇನು ಮಾಡಿಕೊಂಡಿರುತ್ತಾರೆ ಅನ್ನುವುದನ್ನು ಹೇಳುವುದಿಲ್ಲ. ನೀವು ಊಟ ಮಾಡಬೇಕು. ತೊಳೆಯುತ್ತ ತೊಳೆಯುತ್ತ ಅವಳು ಈಜು ಕಲಿತಳು, ಆಮೇಲೆ ಕೆಳಗೆ ಇಳಿಯುವುದನ್ನೂ ಕಲಿತಳು. ಪಾತ್ರಾಂವನೇ ಕಲಿಸಿದ. ಕೆಳಗೆ ಪ್ರವಾಸಿಗಳ ಚಿತ್ರ ತೆಗೆಯುತ್ತಿದ್ದವನು ಕೆಲಸ ಬಿಟ್ಟು ಹೋದಾಗ, ಆ ಜಾಗ ತನಗೆ ಬೇಕು ಅಂತ ಹಟ ಹಿಡಿದಳು.

ಅವಳ ಗಂಡ ಬಸು ನನ್ನ ಅಣ್ಣನ ಮಗ. ಗೋವಾದ ಒಳಭಾಗದ ಕುಡಚಡೆಯಲ್ಲಿ ಅದಿರಿನ ಲಾರಿ ಹೊಡೆಯುತ್ತಿದ್ದ. ಅಣ್ಣ, ವೈನಿ ಅವನ ಜೊತೆಗೇ ಇದ್ದರು. ಬಸು ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಮಾಡುವುದಿಲ್ಲ. ಹೆಂಡತಿ ನೀರಿನ ತಳದಲ್ಲಿದ್ದಾಳೆ ಅನ್ನುವುದು ಮಾತ್ರ ಅವನ ಎದೆಯಲ್ಲಿ ಇಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ದೋಣಿ ನಿಂತಾಗ ನೀಲಾ ಕುಡಚಡೆಗೆ ಹೋಗುತ್ತಿದ್ದಳು, ಮಳೆ ನಿಂತ ಮೇಲೆ ನನ್ನ ಹತ್ತಿರ ಬರುತ್ತಿದ್ದಳು. ಆ ವರ್ಷ ಅವನು ಖಡಾಖಂಡಿತ ಹೇಳಿ ಕಳಿಸಿದ: ‘ಈ ಸಲ ಕೆಲಸ ಖಾಯಂ ಆತು, ಆತು. ಇಲ್ಲಂದ್ರ ದಸರಾದ ಮರುದಿನ ನಾನೇ ಬಂದು ಕರಕೊಂಡು ಹೋಗ್ತೇನಿ. ಅಂಗಿ ತೊಳ್ಯಾಕ ನನ್ನ ಹೇಣ್ತಿ ಊರ ಬಿಟ್ಟು ಇರೂದು ಬ್ಯಾಡ.’

ಅದರ ಬೆನ್ನಿಗೆ ಅಣ್ಣನ ಫೋನು ಬಂತು. ‘ತಂಗೀ, ನನಗ ಮಾತ ಕೊಡು. ಈ ಸಲ ಕಳಸ್ತಿ ಹೌದಿಲ್ಲೋ?’

‘ಕಳಸ್ತೇನಿ,’ ಅಂದೆ.

ಒಲ್ಲದ ಮನಸ್ಸಿನಿಂದ ಅಂದದ್ದಲ್ಲ. ನನಗೂ ಅದೇ ಬೇಕಿತ್ತು. ಅವಳು ನೀರಿಗೆ ಇಳಿದ ದಿನವೆಲ್ಲ ನಾನು ಉಸುಕಿನಲ್ಲಿ ಕಾಲ್ಚೈನು ಹಿಡಿದು ನಿಂತು, ಗಿರಾಕಿ ಬಿಟ್ಟು ದೋಣಿ ನೋಡುತ್ತಿದ್ದೆ. ಊರಿನ ಮನೆ ಹೋಗಿತ್ತು. ತವರು ಅಂತ ನನಗೆ ಉಳಿದಿದ್ದದ್ದು ಕುಡಚಡೆಯ ಆ ತಗಡಿನ ಮನೆ ಒಂದೇ. ಅದರ ಬಾಗಿಲು ಮುಚ್ಚಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ.

ಪಾತ್ರಾಂವನದೂ ಒಂದು ಷರತ್ತಿತ್ತು. ಅದೇ ಕೆಲಸ ಕೇಳಿಕೊಂಡು ಮುಂಬೈಯಿಂದ ಒಬ್ಬ ಬಂದಿದ್ದ, ಎರಡು ದೀಪ ಕಟ್ಟಿದ ದೊಡ್ಡ ಕ್ಯಾಮೆರಾ ಇಟ್ಟುಕೊಂಡು. ಪಾತ್ರಾಂವನ ಮಾತು ಅರ್ಧ ಕೊಂಕಣಿ, ಅರ್ಧ ಹಿಂದಿ. ಅವನು ಅಂದದ್ದು ಇಷ್ಟು. ಕ್ಯಾಮೆರಾ ನಿನ್ನದು ನೀನು ತರಬೇಕು. ದಸರೆಯ ದಿನ ಮೊದಲ ಟ್ರಿಪ್ಪು. ಒಂದು ಸಲ ನೀನು ಇಳಿ, ಒಂದು ಸಲ ಅವನು ಇಳಿಯಲಿ. ಯಾರ ಚಿತ್ರದಲ್ಲಿ ಗಿರಾಕಿ ಹೆಣದ ಹಾಗೆ ಕಾಣುವುದಿಲ್ಲವೋ ಅವರಿಗೆ ಕೆಲಸ.

ಹೆಣದ ಹಾಗೆ ಅಂದದ್ದು ತಮಾಷೆಗಲ್ಲ. ಹಳೆಯವನು ತೆಗೆದ ಚಿತ್ರಗಳನ್ನು ನಾನೂ ನೋಡಿದ್ದೆ. ಮದುವೆಯಾದ ಹೊಸದರಲ್ಲಿ ಬಂದ ಗಂಡ ಹೆಂಡತಿ ಕೈ ಕೈ ಹಿಡಿದು ಹಸಿರು ಮುಖ ಮಾಡಿಕೊಂಡು ತೇಲುತ್ತಿದ್ದರು. ಹೊಳೆಯಲ್ಲಿ ಬಿದ್ದವರನ್ನು ಮೂರನೇ ದಿನ ತೆಗೆದ ಹಾಗೆ. ಯಾರೂ ಕೊಳ್ಳುತ್ತಿರಲಿಲ್ಲ.

‘ನೀರಾಗ ಮೊದಲ ಹೋಗೂದು ಕೆಂಪ ಬಣ್ಣ ಬೇ,’ ಅಂತ ನೀಲಾ ಹೇಳಿದಳು. ‘ಒಂದೀಟ ಕೆಳಗ ಇಳದ್ರ ಸಾಕು, ನನ್ನ ಕೆಂಪ ಬಳಿ ಕರೇವು ಕಾಣ್ತಾವು. ಮನಷ್ಯಾನ ಮಾರಿ ಮ್ಯಾಲಿನ ಕೆಂಪೂ ಹೋಗ್ತೈತಿ. ಉಳ್ಯೂದು ಹಸರ.’

‘ಹಂಗಾರ ಅಂಥಾ ಜಾಗಾಕ್ಕ ಯಾಕ ಹೋಗ್ತಿ?’ ಅಂದೆ.

ಕ್ಯಾಮೆರಾ ಅಂದಾಗ ನಾನು ಮೊದಲು ನನ್ನ ಬುಟ್ಟಿಯಿಂದಲೇ ಒಂದು ಪ್ಲಾಸ್ಟಿಕ್ ಚೀಲ ತೆಗೆದುಕೊಟ್ಟೆ. ಫೋನು ಅದರಲ್ಲಿ ಹಾಕಿ, ಕೊರಳಿಗೆ ತೂಗುಹಾಕಿಕೊಂಡು ನೀರಿಗೆ ಹೋಗುವಂಥದು. ಆ ವರ್ಷ ನಾನು ಅದನ್ನೂ ಮಾರುತ್ತಿದ್ದೆ. ನೀಲಾ ಅದನ್ನು ತಿರುಗಿಸಿ ನೋಡಿ, ‘ಯವ್ವಾ, ಇದನ್ನ ತಗೊಂಡೋರು ಯಾರರ ತಿರುಗಿ ಬಂದಾರೇನು?’ ಅಂದಳು. ಬಂದಿದ್ದರು. ಕೈಯಲ್ಲಿ ಸತ್ತ ಫೋನು ಹಿಡಿದು ಹುಡುಕಿಕೊಂಡು ಬಂದಿದ್ದರು. ಅದಕ್ಕೇ ನಾನು ಆ ವಾರ ಬೇರೆ ದಂಡೆಗೆ ಹೋಗಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಶುಕ್ರವಾರ ಇಬ್ಬರೂ ಮ್ಹಾಪಸಾಕ್ಕೆ ಹೋದೆವು. ಸಂತೆಯ ದಿನ. ಒಣಮೀನಿನ ಸಾಲು ದಾಟಿ, ಬಸ್ ಸ್ಟ್ಯಾಂಡಿನ ಕಡೆ ಒಂದು ಸಂದಿಯಲ್ಲಿ ಹಳೆ ಕ್ಯಾಮೆರಾ ಮಾರುವ, ರಿಪೇರಿ ಮಾಡುವ ಅಂಗಡಿ. ಅಂಗಡಿಯವನು ನಮ್ಮ ಜನರ ಸಂಗಡ ವ್ಯಾಪಾರ ಮಾಡಿ ಕನ್ನಡ ಕಲಿತಿದ್ದ. ನಾನು ಮಗಳ ಸಂಗಡ ಹೋದದ್ದು ಆರಿಸಲಿಕ್ಕಲ್ಲ. ಯಾವ ಕ್ಯಾಮೆರಾ ತೋರಿಸಿದರೂ ಹುಳುಕು ತೆಗೆದು, ಕೊನೆಗೆ ಬರಿಗೈಯಲ್ಲಿ ಹೊರಡಿಸಿಕೊಂಡು ಬರಲಿಕ್ಕೆ. ಕ್ಯಾಮೆರಾ ಇಲ್ಲ, ಕೆಲಸ ಇಲ್ಲ, ಕುಡಚಡೆಗೆ ನಡಿ. ಅಷ್ಟೇ ನನ್ನ ಲೆಕ್ಕ.

ಅವನು ಮೊದಲು ದೊಡ್ಡದನ್ನು ತೋರಿಸಿದ. ಅದಕ್ಕೆ ಹಾರ್ಮೋನಿಯಮ್ಮಿನಷ್ಟು ಗುಂಡಿ.

‘ಇದು ಬ್ಯಾಡ,’ ಅಂದೆ.

‘ಬ್ಯಾಡ,’ ಅಂದಳು ನೀಲಾ ಕೂಡ. ನನಗೆ ಖುಷಿಯಾಯಿತು. ಅವಳು ಅಂಗಡಿಯವನಿಗೆ ಹೇಳಿದ್ದು ಕೇಳಿ ಖುಷಿ ಇಳಿಯಿತು. ‘ಕೆಳಗ ನಾ ಮೊದಲ ನನ್ನ ಗಾಳಿ ಎಷ್ಟೈತಿ ನೋಡಬೇಕ್ರಿ. ಆಮ್ಯಾಲ ಮುಂದಿನ ಮನಷ್ಯಾನ ಕಣ್ಣ ನೋಡಬೇಕು, ಹೆದರ್ಯಾನೇನು ಅಂತ. ಕ್ಯಾಮೆರಾಕ್ಕ ನನ್ನ ಕಡೆ ಒಂದ ಹೆಬ್ಬೆಟ್ಟ ಅಷ್ಟ ಉಳೀತೈತಿ. ಒಂದ ಹೆಬ್ಬೆಟ್ಟಿನಾಗ ಆಗೂವಂಥಾದ್ದು ಕೊಡ್ರಿ.’

‘ದೀಪ ಬ್ಯಾಡೇನು? ಬಣ್ಣ ಬರ್ತದ.’

‘ನಮ್ಮ ನೀರಾಗ ದೀಪ ಹಚ್ಚಿದ್ರ ರವಾ ಚೆಲ್ಲಿದಂಗ ಕಾಣ್ತೈತ್ರಿ, ಬರೇ ಕಸ. ಭಾಳ ಹತ್ತರ ಹೋಗಿ ತಗದ್ರ ಮುಗೀತು.’

ಆಗ ಅವನು ಸಣ್ಣವು ಎರಡು ತೆಗೆದ. ಒಂದು ಹಾಗೇ ನೀರಿಗೆ ಹಾಕುವಂಥದು, ಮೈಯೆಲ್ಲ ಮುಚ್ಚಿದ್ದು. ಇನ್ನೊಂದು ಸಾದಾ ಕ್ಯಾಮೆರಾ, ಸಾಬೂನು ಪೆಟ್ಟಿಗೆಯಷ್ಟು. ಅದನ್ನು ಕೂರಿಸಲಿಕ್ಕೆ ಒಳಗಿನದೆಲ್ಲ ಹೊರಗೆ ಕಾಣುವ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಬಾಯಿಗೆ ಸುತ್ತಲೂ ಒಂದು ರಬ್ಬರ್ ಬಳೆ. ನೀಲಾ ಮೊದಲನೆಯದರ ಪುಟ್ಟ ಬಾಗಿಲನ್ನು ಉಗುರಿನಿಂದ ತೆಗೆದು, ಹಾಕಿ, ತೆಗೆದು ನೋಡಿದಳು. ‘ಇದರಾಗ ನೀರ ಹೊಕ್ಕರ ಕ್ಯಾಮೆರಾ ಸತ್ತ ಮ್ಯಾಲೇ ಗೊತ್ತಾಗೂದು. ಡಬ್ಬಿ ಇದ್ರ ಹನಿ ಹೊಕ್ಕಿದ್ದ ಕಾಣ್ತೈತಿ, ಮ್ಯಾಲ ಬರಬೌದು,’ ಅಂದಳು. ಎರಡನೆಯದರ ಹಿಂದೆ ಗುರುತುಗಳ ಸಾಲಿನಲ್ಲಿ ಒಂದು ಮೀನಿನ ಚಿತ್ರವಿತ್ತು. ಅದನ್ನು ಒತ್ತಿದರೆ ನೀರೊಳಗಿನ ಬಣ್ಣವನ್ನು ಅದೇ ಸ್ವಲ್ಪ ರಿಪೇರಿ ಮಾಡುತ್ತದಂತೆ. ಮೀನು ನನಗೂ ಓದಲಿಕ್ಕೆ ಬಂತು. ಇನ್ನೇನು, ಅವಳು ಕೈಯಲ್ಲಿ ಹಿಡಿದೇಬಿಟ್ಟಿದ್ದಳು.

ನನ್ನ ಹತ್ತಿರ ಒಂದೇ ಉಪಾಯ ಉಳಿದಿತ್ತು.

‘ನೀರಾಗ ಹಾಕಿ ತೋರಸು,’ ಅಂದೆ ಅಂಗಡಿಯವನಿಗೆ.

‘ಅಂದರ?’

‘ಅಂದರ ಬಕೀಟಿನಾಗ ಮುಳುಗಸಿ ತೋರಸು. ನೀರಿನ ಸಾಮಾನ ಹೌದಿಲ್ಲೋ?’

‘ಅಜ್ಜೀ, ಖಾಲಿ ಡಬ್ಬಿ ಹಾಕ್ತೇನಿ. ಕ್ಯಾಮೆರಾ ಹಾಕಂಗಿಲ್ಲ.’

‘ಯಾಕ, ನಂಬಿಕಿ ಇಲ್ಲೇನು?’

‘ನಂಬಿಕಿ ಐತಿ. ಕ್ಯಾಮೆರಾನೂ ನಂದೇ ಐತಿ,’ ಅಂದ.

ಪಕ್ಕದ ಚಹಾದ ಅಂಗಡಿಯಿಂದ ಬಕೆಟ್ಟು ಬಂತು. ಡಬ್ಬಿಯೊಳಗೆ ಪೇಪರಿನ ತುಂಡು ಹಾಕಿ, ಕೊಂಡಿ ಒತ್ತಿ, ತೇಲದ ಹಾಗೆ ಮೇಲೆ ಕಲ್ಲಿಟ್ಟು ಮುಳುಗಿಸಿದ. ಅದು ಮುಳುಗಿದ್ದಷ್ಟು ಹೊತ್ತು ನಾವು ಮೂವರೂ ಬಕೆಟ್ಟಿನ ಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಸಂತೆಗೆ ಬಂದವರು ಏಡಿ ಮಾರುತ್ತಿದ್ದೇವೇನೋ ಅಂತ ಬಗ್ಗಿ ನೋಡಿ ಹೋದರು. ನೀಲಾ ಒಳಗೆ ನೀರು ಹೋಗಬಾರದು ಅಂತ ನೋಡುತ್ತಿದ್ದಳು, ನಾನು ಹೋಗಲಿ ಅಂತ. ತೆಗೆದಾಗ ಪೇಪರು ಹಪ್ಪಳದ ಹಾಗೆ ಒಣಗಿತ್ತು. ಅವಳು ತನ್ನ ಉಳಿತಾಯ ತೆಗೆದು ಕೊಟ್ಟಳು, ಕ್ಯಾಮೆರಾ ತಂದೆವು.

ಹೊರಡುವಾಗ ಅಂಗಡಿಯವನು ಒಂದು ಪುಟ್ಟ ಡಬ್ಬಿಯಲ್ಲಿ ಮುಲಾಮು ಕೊಟ್ಟ, ರಬ್ಬರಿಗೆ ತೆಳ್ಳಗೆ ಸವರಲಿಕ್ಕೆ. ‘ಇದರ ಮ್ಯಾಲ ಒಂದ ಕೂದಲಾ ಬೀಳಬಾರದು ನೋಡವ್ವಾ. ಒಂದ ಉಸುಕಿನ ಹರಳಾ ಬೀಳಬಾರದು,’ ಅಂದ. ನೀಲಾ ಮನೆಗೆ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಗಿಲು ಹಾಕಿ, ಫ್ಯಾನು ಆರಿಸಿ ಮುಲಾಮು ಸವರಿದಳು. ಬಾಣಂತಿ ಕೋಣೆಯ ಹಾಗೆ ಮಾಡಿಬಿಟ್ಟಿದ್ದಳು. ಕೂದಲಿಲ್ಲ, ಉಸುಕಿಲ್ಲ.

ಮಹಾನವಮಿಗೆ ನಮ್ಮ ಚಾಳಿನಲ್ಲಿ ಖಂಡೇಪೂಜೆ. ಎಲ್ಲ ನಮ್ಮ ಕಡೆಯವರೇ. ಗೌಂಡಿಗಳು, ಕೂಲಿಯವರು, ನನ್ನ ಹಾಗೆ ಮಾರುವವರು. ಓಣಿಯಲ್ಲಿ ಕರಣಿ, ಗುದ್ದಲಿ, ಹೊಲಿಗೆ ಮಶೀನು, ಒಬ್ಬನ ರಿಕ್ಷಾ, ನನ್ನ ಬುಟ್ಟಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದೆವು. ನೀಲಾ ಕ್ಯಾಮೆರಾ ತಂದು ಬುಟ್ಟಿಯ ಪಕ್ಕದಲ್ಲಿಟ್ಟು ಡಬ್ಬಿಯ ಕೊಂಡಿ ತೆಗೆದಳು.

‘ಕುಂಕುಮಾ ಡಬ್ಬಿ ಮ್ಯಾಲ ಹಚ್ಚು, ಸಾಕು,’ ಅಂದೆ.

‘ಡಬ್ಬಿ ಮ್ಯಾಲ ಹಚ್ಚಿದ್ರ ಸಮುದ್ರದಾಗ ತೊಳದು ಹೋಗ್ತೈತಿ ಬೇ. ಒಳಗ ಹಚ್ಚಿದ್ರ ಉಳೀತೈತಿ.’

ಹೇಳಿದ್ದು ಸರಿ ಅನ್ನಿಸಿತು, ನನಗೂ. ಗಾಜಿನ ಕಣ್ಣಿಗಿಂತ ಮೇಲೆ, ಕ್ಯಾಮೆರಾದ ಹಣೆ ಅಂತ ಅನ್ನಬಹುದಾದ ಜಾಗದಲ್ಲಿ, ಹಸಿಬೆರಳಿನಿಂದ ದೊಡ್ಡದಾಗಿ ಕುಂಕುಮ ಇಟ್ಟಳು. ಕೈ ಮುಗಿದಳು. ಅದೇ ಕೈಯಿಂದ ಡಬ್ಬಿ ಮುಚ್ಚಿ ಕೊಂಡಿ ಒತ್ತಿದಳು.

ಮರುದಿನ ದಸರೆ. ದೋಣಿಗೆ ನನ್ನನ್ನೂ ಕರೆದರು. ಹುಬ್ಬಳ್ಳಿಯಿಂದ ಒಬ್ಬ ನರ್ಸಬಾಯಿ ಗಂಡನ ಸಂಗಡ ಬಂದಿದ್ದಳು. ಆಕೆಗೆ ಬಟ್ಟೆ ಬದಲಿಸುವಾಗ ಸೀರೆ ಅಡ್ಡ ಹಿಡಿಯಲಿಕ್ಕೆ ದೋಣಿಯ ಮೇಲೆ ಇನ್ನೊಬ್ಬ ಹೆಂಗಸು ಬೇಕಿತ್ತು. ಅಷ್ಟು ವರ್ಷ ಸಮುದ್ರದ ದಂಡೆಯಲ್ಲಿದ್ದು ನಾನು ದೋಣಿ ಹತ್ತಿದ್ದು ಅದೇ ಮೊದಲು. ಹಲಗೆ ಹಿಡಿದು ಕೂತವಳು ಬೆರಳು ಸಡಿಲಿಸಲಿಲ್ಲ. ಎದುರಿಗೆ ಮುಂಬೈಯವನು ತನ್ನ ದೊಡ್ಡ ಕ್ಯಾಮೆರಾ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ, ಸಮಾಧಾನವಾಗಿ. ನರ್ಸಬಾಯಿಯ ಗಂಡ ಆಗಲೇ ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದ.

ದ್ವೀಪದ ಪಕ್ಕದಲ್ಲಿ ದೋಣಿ ನಿಂತಿತು. ಕೈಸನ್ನೆ ಎಲ್ಲ ಹೇಳಿಕೊಟ್ಟ ಮೇಲೆ ನರ್ಸಬಾಯಿಯ ಗಲ್ಲ ನಡುಗುತ್ತಿತ್ತು.

‘ಅಕ್ಕಾರ, ಸನ್ನಿ ಮರತರೂ ನಡೀತೈತ್ರಿ,’ ಅಂದಳು ನೀಲಾ. ‘ಬಾಯಾಗ ನಳಿಗಿ ಇದ್ರೂ ನಮ್ಮ ಕನ್ನಡದಾಗ ಹೂಂ, ಊಹೂಂ ಅನ್ನಾಕ ಬರ್ತೈತಿ. ಛಲೋ ಇದ್ರ ಹೂಂ ಅನ್ರಿ. ಆಗಂಗಿಲ್ಲಂದ್ರ ಊಹೂಂ ಅನ್ರಿ, ನಾ ಅಲ್ಲೇ ಇರ್ತೇನಿ.’

ಆಕೆ ನಳಿಗೆ ಕಚ್ಚಿಕೊಂಡು ಹೂಂ ಅಂದು ನೋಡಿದಳು. ದೋಣಿಯವರೆಲ್ಲ ನಕ್ಕರು. ಪಾತ್ರಾಂವ್ ಆಕೆಯ ಕೈ ಹಿಡಿದು ಇಳಿದ. ನೀಲಾ ಹಿಂದೆ ತಿರುಗಿ ನೋಡದೆ ಇಳಿದಳು.

ಆಮೇಲೆ ಮೇಲೆ ಉಳಿದದ್ದು ಗುಳ್ಳೆಗಳು. ಎಲ್ಲಿ ಗುಳ್ಳೆ ಏಳುತ್ತದೋ ಅದರ ಕೆಳಗೆ ಮನುಷ್ಯರಿದ್ದಾರೆ ಅಂತ ದೋಣಿ ನಡೆಸುವವನು ಹೇಳಿಕೊಟ್ಟ. ಅವನು ಹೇಳಬಾರದಿತ್ತು. ಎರಡು ಕಡೆ ಗುಳ್ಳೆ ಏಳುತ್ತಿತ್ತು, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಕಡಿಮೆ ಇದ್ದದ್ದು ನನ್ನದು. ಅದು ನಿಂತಾಗ ನನ್ನ ಉಸಿರು ನಿಲ್ಲುತ್ತಿತ್ತು, ಮತ್ತೆ ಬುಳುಬುಳು ಅಂದಾಗ ಬಿಡುತ್ತಿದ್ದೆ. ಚಿತ್ರ ಚೆನ್ನಾಗಿ ಬಂದರೆ ಅಣ್ಣನಿಗೆ ಕೊಟ್ಟ ಮಾತಿಗೆ ನೀರು. ಬರದಿದ್ದರೆ ಮಗಳ ಮುಖ ನೋಡಬೇಕು. ಯಾವುದಕ್ಕೆ ಹರಕೆ ಹೊರಬೇಕು ಅಂತ ತಿಳಿಯದೆ ಸುಮ್ಮನೆ ಗುಳ್ಳೆ ನೋಡಿದೆ.

ನನ್ನ ಗುಳ್ಳೆಗಳು ಇನ್ನೊಂದನ್ನು ಬಿಟ್ಟು ದೋಣಿಯ ಕಡೆ ಬರತೊಡಗಿದವು. ಜೋರಾಗಿ. ನೀಲಾಳ ತಲೆ ಮೇಲೆ ಬಂತು. ನಳಿಗೆ ಬಾಯಿಯಲ್ಲೇ ಇತ್ತು. ಒಂದು ಕೈಯನ್ನು ಮೇಲೆತ್ತಿ ಹಿಡಿದಿದ್ದಳು, ಆ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪಾಗಿತ್ತು. ಕೆಂಪು ತೊಟ್ಟಿಕ್ಕುತ್ತಿತ್ತು.

‘ರಕ್ತಾ! ರಕ್ತಾ!’ ಅಂತ ನರ್ಸಬಾಯಿಯ ಗಂಡ ಕಿರುಚಿದ.

ನಾನು ಕಿರುಚಲಿಲ್ಲ. ಏಣಿ ಇಳಿದೆ. ಯಾವಾಗ ಎದ್ದೆ, ಹಲಗೆ ಯಾವಾಗ ಬಿಟ್ಟೆ, ಗೊತ್ತಿಲ್ಲ. ಎದೆಮಟ ನೀರಿನಲ್ಲಿದ್ದೆ, ಸೀರೆ ಮೇಲೆ ತೇಲುತ್ತಿತ್ತು, ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಅವಳ ಕೆಂಪು ಕೈ. ಗಾಯ ಎಲ್ಲಿದೆ ಅಂತ ಬೆರಳಿನಿಂದ ಸವರಿದೆ. ಚರ್ಮ ಹರಿದಿರಲಿಲ್ಲ. ಅವಳು ನಳಿಗೆ ಉಗುಳಿದಳು.

‘ಕುಂಕುಮಾ ಬೇ! ಕುಂಕುಮಾ! ನೀರ ಹೊಕ್ಕೈತಿ, ಕೊಂಡಿ ತಗದು ಚೆಲ್ಲಾಕತ್ತೇನಿ!’

ಡಬ್ಬಿಯ ತುಂಬ ಕೆಂಪು ನೀರು, ಅದರಲ್ಲಿ ಕ್ಯಾಮೆರಾ ಮುಳುಗಿತ್ತು. ನಾನು ಅವಳ ಹೆಗಲಿಗೆ ಒಂದು ಏಟು ಕೊಟ್ಟೆ. ರಬ್ಬರಿನ ಅಂಗಿ, ಅವಳಿಗೆ ತಾಗಲಿಲ್ಲ. ನನ್ನ ಕೈಯೇ ಉರಿಯಿತು.

ಮೇಲೆ ಹತ್ತಿದ ಮೇಲೆ ಮುಂಬೈಯವನು ರಬ್ಬರ್ ಬಳೆ ತೆಗೆದು ಬೆಳಕಿಗೆ ಹಿಡಿದ. ಮುಲಾಮಿಗೆ ಅಂಟಿ ಕುಂಕುಮದ ನಾಲ್ಕಾರು ಹರಳು ಕೂತಿದ್ದವು. ಅವುಗಳ ಸಂದಿಯಿಂದ ಸಮುದ್ರ ಒಳಗೆ ಬಂದಿತ್ತು. ನೀರು ಹೊಕ್ಕದ್ದು ನೀಲಾಳಿಗೆ ಮೊದಲು ಗೊತ್ತಾಗಿರಲಿಲ್ಲ. ಕೆಳಗೆ ಕೆಂಪು ಕಾಣುವುದಿಲ್ಲವಲ್ಲ, ಡಬ್ಬಿಯೊಳಗೆ ಒಂದಿಷ್ಟು ಮಬ್ಬು ಕಂಡಿತಂತೆ. ನರ್ಸಬಾಯಿ ಆಗಷ್ಟೇ ಹೆದರಿಕೆ ಬಿಟ್ಟು ಹೂಂ ಅನ್ನತೊಡಗಿದ್ದಳಂತೆ. ಹಾಗಾಗಿ ನೀಲಾ ಒಂದೆರಡು ಚಿತ್ರ ತೆಗೆದೇ ಮೇಲೆ ಬಂದಳು. ಈಗ ಕ್ಯಾಮೆರಾದ ಗುಂಡಿ ಒತ್ತಿದರೆ ಏನೂ ಇಲ್ಲ.

ಪಾತ್ರಾಂವ್ ಮೇಲೆ ಬಂದು ನೋಡಿ, ‘ಮೆಲೊ,’ ಅಂದ. ಸತ್ತಿತು ಅಂತ. ಮುಂಬೈಯವನಿಗೆ ಇಳಿಯಲು ಕೈ ಮಾಡಿದ. ನರ್ಸಬಾಯಿ ಇನ್ನೊಂದು ಸಲ ಇಳಿದಳು. ಆ ಹೊತ್ತು ನೀಲಾ ಮೂಲೆಯಲ್ಲಿ ಕೂತು ಕ್ಯಾಮೆರಾದೊಳಗಿನ ಕಾರ್ಡು ತೆಗೆದು, ಕುಡಿಯುವ ನೀರಿನಲ್ಲಿ ಅದ್ದಿ, ನನ್ನ ಒಣಗಿದ ಟವೆಲ್ಲಿನಿಂದ ಒತ್ತಿ ಒತ್ತಿ ಒರೆಸಿದಳು. ನನಗೆ ಬೇಕಾದದ್ದೇ ಆಗಿತ್ತು. ಬಕೆಟ್ಟಿನಲ್ಲಿ ಆಗದ್ದು ಸಮುದ್ರದಲ್ಲಿ ಆಗಿತ್ತು. ಆದರೂ ಒದ್ದೆ ಸೀರೆಯಲ್ಲಿ ನಡುಗುತ್ತ ಕೂತವಳಿಗೆ ಖುಷಿ ಬರಲಿಲ್ಲ.

ದಂಡೆಗೆ ಬಂದ ಮೇಲೆ ಪಾತ್ರಾಂವನ ತಗಡಿನ ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ಮೊದಲು ಮುಂಬೈಯವನ ಕಾರ್ಡು ಹಾಕಿದರು. ಚೊಕ್ಕ ಚಿತ್ರಗಳು, ಆದರೆ ನೀಲಾ ಅಂದ ಹಾಗೆ ನರ್ಸಬಾಯಿಯ ಮುಂದೆ ರವೆ ಚೆಲ್ಲಿತ್ತು. ಆಮೇಲೆ ನೀಲಾಳದು. ಕಾರ್ಡು ಬದುಕಿತ್ತು. ಮೊದಲಿನವು ಹಸಿರು, ಹತ್ತಿರದಿಂದ ತೆಗೆದದ್ದಕ್ಕೆ ಹೆಣಕ್ಕಿಂತ ಸ್ವಲ್ಪ ವಾಸಿ, ಜ್ವರ ಬಂದವರ ಹಾಗೆ. ಆಮೇಲಿನವು ಮಬ್ಬು. ಪಾತ್ರಾಂವ್ ಆಕಳಿಸಿದ. ಕೊನೆಗೆ ಒಂದು ಬಂತು, ಅವನು ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ.

ನರ್ಸಬಾಯಿಯ ಮುಖ. ಗೋದಿ ಬಣ್ಣದ ಮುಖ, ಹಣೆಯಲ್ಲಿ ಬಿಸಿಲು ಬಿದ್ದ ಹಾಗೆ. ಕೆನ್ನೆ ಕೆನ್ನೆಯ ಬಣ್ಣವಿತ್ತು. ದೋಣಿಯ ಮೇಲೆ ನಾನು ಸೀರೆ ಅಡ್ಡ ಹಿಡಿದಿದ್ದ ಅದೇ ಹೆಂಗಸು, ನೀರಿನ ತಳದಲ್ಲಿ, ಜೀವಂತ.

‘ಹೆಂ ಕಶೆಂ ಕೆಲೆಂ?’ ಅಂದ ಪಾತ್ರಾಂವ್. ಇದನ್ನು ಹೇಗೆ ಮಾಡಿದೆ ಅಂತ.

‘ಕುಂಕುಮ, ಪಾತ್ರಾಂವ್,’ ಅಂದಳು ನೀಲಾ. ಅವಳಿಗೇ ಅರ್ಥವಾಗಿರಲಿಲ್ಲ.

ಮುಂಬೈಯವನು ಬಗ್ಗಿ ನೋಡಿ ವಿವರಿಸಿದ. ನೀರು ನುಂಗಿದ ಕೆಂಪನ್ನು ತಿರುಗಿ ಕೊಡಲಿಕ್ಕೆ ಗಾಜಿನ ಕಣ್ಣಿನ ಮುಂದೆ ಕೆಂಪು ಗಾಜಿನ ಬಿಲ್ಲೆ ಹಾಕುತ್ತಾರಂತೆ, ಅಂಗಡಿಯಲ್ಲಿ ಸಿಗುತ್ತದಂತೆ. ಇವಳ ಡಬ್ಬಿಯಲ್ಲಿ ನೀರು ತುಂಬುವ ಮೊದಲು ಕುಂಕುಮದ ನೀರು ತೆಳ್ಳಗೆ, ಕಣ್ಣಿನ ಮುಂದೆ ಬರುವ ಡಬ್ಬಿಯ ಗೋಡೆಯ ಮೇಲೆ ಇಳಿದಿದೆ, ಅದೇ ಬಿಲ್ಲೆಯ ಕೆಲಸ ಮಾಡಿದೆ. ‘ನಸೀಬು,’ ಅಂದ. ಹೊಟ್ಟೆಕಿಚ್ಚಿಲ್ಲದೆ ಅಂದ.

ಪಾತ್ರಾಂವ್ ಗಲ್ಲ ಕೆರೆದುಕೊಂಡ. ಒಂದು ಚಿತ್ರಕ್ಕೆ ಕೆಲಸ ಕೊಡಲಿಕ್ಕೆ ಬರುವುದಿಲ್ಲ ಅಂದ. ಆ ಬಿಲ್ಲೆ ತರಿಸಿಕೊಡುವುದು ತನಗಿರಲಿ, ಒಂದು ಹಳೆ ಕ್ಯಾಮೆರಾನೂ ಹುಡುಕುತ್ತೇನೆ, ಇನ್ನೊಂದು ವಾರ ಇಬ್ಬರೂ ಇಳಿಯಿರಿ, ಆಮೇಲೆ ಹೇಳುತ್ತೇನೆ ಅಂದ. ‘ಆದರೆ ಪೂಜೆ ಮನೆಯಲ್ಲಿ ಮಾಡಿ ಕೈ ತೊಳೆದುಕೊಂಡು ಬಾ.’

ಇನ್ನೊಂದು ವಾರ. ಖಾಯಂ ಅಲ್ಲ, ಇಲ್ಲ ಅಂತಲೂ ಅಲ್ಲ. ಬಸು ನಾಳೆ ಬರುವವನು. ನೀಲಾ ಪಾತ್ರಾಂವನಿಗೆ ಆಗಲಿ ಅನ್ನಲಿಲ್ಲ. ನನ್ನ ಕಡೆ ನೋಡಿದಳು. ಅಣ್ಣನಿಗೆ ನಾನು ಏನು ಮಾತು ಕೊಟ್ಟಿದ್ದೇನೆ ಅಂತ ಅವಳಿಗೆ ಗೊತ್ತಿತ್ತು.

ನಾನು ಅವಳನ್ನು ನೋಡಲಿಲ್ಲ, ಚಿತ್ರ ನೋಡುತ್ತಿದ್ದೆ. ನರ್ಸಬಾಯಿಯ ಕಣ್ಣಿಗೆ ಕಟ್ಟಿದ ಗಾಜಿನಲ್ಲಿ ಏನೋ ಕಂಡಿತು.

‘ಇದನ್ನ ದೊಡ್ಡದು ಮಾಡು,’ ಅಂದೆ ಮುಂಬೈಯವನಿಗೆ. ಮಾಡಿದ. ಗಾಜಿನಲ್ಲಿ ನೀಲಾ ಇದ್ದಳು, ಚಿತ್ರ ತೆಗೆಯುತ್ತಿದ್ದವಳು, ಕಡ್ಲೆಬೇಳೆಯಷ್ಟು. ಕಾಲು ಮೇಲೆ, ತಲೆ ಕೆಳಗೆ, ಬಾವಲಿಯ ಹಾಗೆ ನೇತಾಡುತ್ತಿದ್ದಳು. ಒಂದು ಕೈಯಲ್ಲಿ ಕ್ಯಾಮೆರಾ, ಹೆಬ್ಬೆರಳು ಅದರ ಮೇಲೆ. ಇನ್ನೊಂದು ಕೈ ನರ್ಸಬಾಯಿಯ ಮೊಣಕೈಯನ್ನು ಮೆಲ್ಲಗೆ ಹಿಡಿದಿತ್ತು. ಅಷ್ಟು ವರ್ಷ ನಾನು ದಂಡೆಯಲ್ಲಿ ನಿಂತು ಮನಸ್ಸಿನಲ್ಲಿ ಕಂಡಿದ್ದ ನೀಲಾ ಬೇರೆ. ಅವಳು ಕೈಕಾಲು ಬಡಿಯುತ್ತಿದ್ದಳು, ಮೇಲಕ್ಕೆ ಬರಲು ಒದ್ದಾಡುತ್ತಿದ್ದಳು. ಇವಳಿಗೆ ಅವಸರವೇ ಇರಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವವಳ ಹಾಗೆ ಇದ್ದಳು.

‘ಯವ್ವಾ, ಇವರಿಗೆ ಏನ ಹೇಳಲಿ?’ ಅಂದಳು ನೀಲಾ.

‘ಸೀರಿ ಹಸಿ ಐತಿ, ಮನಿಗೆ ನಡಿ ಮೊದಲ,’ ಅಂದೆ. ಅವತ್ತು ಸಂಜೆ ಇಬ್ಬರೂ ಬನ್ನಿ ಕೊಟ್ಟು ತೆಗೆದುಕೊಳ್ಳಲು ಬಂದವರ ಹತ್ತಿರ ನಗುನಗುತ್ತ ಮಾತಾಡಿದೆವು, ನಮ್ಮ ನಮ್ಮಲ್ಲಿ ಆಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಮೊದಲ ಬಸ್ಸು ಹಿಡಿದೆ. ಪಣಜಿಯಲ್ಲಿ ಬಸ್ಸು ಬದಲಿಸಿ, ಮಡಗಾವಿನಲ್ಲಿ ಬದಲಿಸಿ ಕುಡಚಡೆಗೆ ಹೋದೆ. ಅಣ್ಣ ಬಾಗಿಲ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಸು ಹೊಸ ಅಂಗಿ ತೊಟ್ಟು, ಹೊರಡಲು ಚೀಲ ಹಿಡಿದು ನಿಂತಿದ್ದ.

‘ಅತ್ತೀ! ನೀ ಯಾಕ ಬಂದಿ? ನಾನೇ ಬರಾಂವಿದ್ನೆಲ್ಲ!’ ಅಂದ.

‘ಬರಬ್ಯಾಡ ಅಂತ ಹೇಳಾಕ ಬಂದೇನಿ,’ ಅಂದೆ.

ಅಣ್ಣ ಬಟ್ಟಲು ಕೆಳಗಿಟ್ಟ. ಮಾತು ಮುರಿದದ್ದು ನಾನು, ಬೈಯುವುದಿದ್ದರೆ ನನ್ನನ್ನೇ ಬೈಯಲಿ ಅಂತ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವನಿಗೆ ಕಾಣುವ ಹಾಗೆ ನಡುಮನೆಯಲ್ಲಿ ಕೂತೆ.